ನೋವಿನ ಪ್ರಮಾಣ, ಮದ್ದಿನ ಪ್ರಮಾಣ

ಒಂದು ಮದ್ದು ರೋಗವನ್ನು ವಾಸಿಮಾಡಿತು ಎಂದು ಹೇಳುವ ಅಧಿಕಾರ ಯಾರದು, ರೋಗವನ್ನು ಮೈಮೇಲೆ ಅನುಭವಿಸಿದವರದೋ ಅಥವಾ ಹೊರಗೆ ನಿಂತು ನೂರಾರು ರೋಗಿಗಳನ್ನು ಹೋಲಿಸಿ ನೋಡಿದವರದೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ವೈದ್ಯಶಾಸ್ತ್ರದ್ದೆಂದು ತೋರಿದರೂ ಮೂಲದಲ್ಲಿ ಅದು ಪ್ರಮಾಣಶಾಸ್ತ್ರದ, ಅಂದರೆ ಸರಿಯಾದ ಅರಿವು ಯಾವ ಮಾರ್ಗದಿಂದ ದೊರೆಯುತ್ತದೆ ಎಂದು ವಿಚಾರಿಸುವ ಶಾಸ್ತ್ರದ ಪ್ರಶ್ನೆಯಾಗಿದೆ. ಅಮೆರಿಕದಲ್ಲೂ ಯುರೋಪಿನಲ್ಲೂ ಲೈಮ್ ರೋಗದ ಚಿಕಿತ್ಸೆಯ ಸುತ್ತ ದಶಕಗಳಿಂದ ನಡೆದಿರುವ ವಾದದಲ್ಲಿ ಈ ಪ್ರಶ್ನೆ ತನ್ನೆಲ್ಲ ತೊಡಕುಗಳೊಂದಿಗೆ ಎದುರು ನಿಲ್ಲುತ್ತದೆ. ಒಂದು ಪಕ್ಷ ಆಂಟಿಬಯೋಟಿಕ್ ಔಷಧಗಳನ್ನು ನಂಬುತ್ತದೆ, ಇನ್ನೊಂದು ಗಿಡಮೂಲಿಕೆಗಳನ್ನು. ಇವೆರಡರ ನಡುವೆ, ರಕ್ತಪರೀಕ್ಷೆಯಲ್ಲಿ ಎಲ್ಲವೂ ಸರಿಯಿದೆ ಎಂದು ಹೇಳಿಸಿಕೊಂಡು ಮನೆಗೆ ಮರಳಿ, ಮಹಡಿಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಲಾಗದೆ ನಡುವೆಯೇ ಮೊಣಕಾಲು ಹಿಡಿದು ಕುಳಿತುಬಿಡುವ ರೋಗಿ ಇದ್ದಾನೆ.

ಲೈಮ್ ರೋಗ ಉಣುಗಿನ ಕಡಿತದಿಂದ ಬರುವಂಥದು. ಕೆಲವು ಕಡೆ ಉಣ್ಣಿ ಎಂದೂ ಕರೆಯುವ, ರಕ್ತ ಹೀರುವ ಈ ಜೀವಿಗೆ ಮಲೆನಾಡಿನ ಜನ ಮಂಗನ ಕಾಯಿಲೆಯ ದೆಸೆಯಿಂದ ಇಂದಿಗೂ ಅಂಜುತ್ತಾರೆ. ಆದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಆ ಕಾಯಿಲೆ ವೈರಸ್ಸಿನಿಂದ ಬರುವುದರಿಂದ ಅದರ ಮೇಲೆ ಆಂಟಿಬಯೋಟಿಕ್ ಕೆಲಸ ಮಾಡದು. ಲೈಮ್ ರೋಗಕ್ಕೆ ಕಾರಣ ತಿರುಪಿನಂತೆ ಸುತ್ತಿಕೊಂಡ ಬ್ಯಾಕ್ಟೀರಿಯಾ. 1982ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದ ವಿಲ್ಲಿ ಬರ್ಗ್‌ಡಾರ್ಫರ್ ಅವರ ಹೆಸರಿನಿಂದಲೇ ಅದಕ್ಕೆ ಬೊರೇಲಿಯಾ ಬರ್ಗ್‌ಡಾರ್ಫೆರಿ ಎಂಬ ಹೆಸರು ಬಂದಿದೆ. ಗಸಗಸೆ ಕಾಳಿನಷ್ಟು ಚಿಕ್ಕದಾದ ಮರಿ ಉಣುಗು ಮಂಡಿಯ ಹಿಂದೆಯೋ ಕಂಕುಳಲ್ಲೋ ತೊಡೆಸಂದಿಯಲ್ಲೋ ನೋವಿಲ್ಲದಂತೆ ಕಚ್ಚಿಕೊಂಡು ಸಾಮಾನ್ಯವಾಗಿ 36 ಗಂಟೆಗಿಂತ ಹೆಚ್ಚು ಹೊತ್ತು ರಕ್ತ ಹೀರಿದ ಮೇಲೆ ಅದರ ಕರುಳಿನಲ್ಲಿದ್ದ ಬ್ಯಾಕ್ಟೀರಿಯಾ ಜೊಲ್ಲಿನ ಮೂಲಕ ಮನುಷ್ಯನ ಮೈಸೇರುತ್ತದೆ. ಕೆಲವು ದಿನಗಳಲ್ಲಿ ಆ ಜಾಗದಲ್ಲಿ ಕೆಂಪು ಕಲೆ ಎದ್ದು, ದಿನದಿಂದ ದಿನಕ್ಕೆ ಅಂಗೈ ಅಗಲಕ್ಕೆ ಹರಡಿ, ಕೆಲವರಲ್ಲಿ ನಡುಭಾಗ ತಿಳಿಯಾಗಿ ಬಳೆಯ ಆಕಾರ ತಾಳುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 4,76,000 ಜನ ಈ ರೋಗಕ್ಕೆ ಚಿಕಿತ್ಸೆ ಪಡೆಯುತ್ತಾರೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಅಂದಾಜು. ರೋಗ ದಟ್ಟವಾಗಿರುವ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಮೆಸಾಚುಸೆಟ್ಸ್, ಕನೆಕ್ಟಿಕಟ್ ರಾಜ್ಯಗಳಲ್ಲಿ ಕನ್ನಡದ ಕುಟುಂಬಗಳೂ ನೆಲೆಸಿರುವುದರಿಂದ, ಊರಿನಿಂದ ತಂದ ಕಷಾಯದ ಪುಡಿಯೂ ಅಲ್ಲಿನ ವೈದ್ಯರು ಬರೆದುಕೊಟ್ಟ ಮಾತ್ರೆಯೂ ಒಂದೇ ಅಡುಗೆಮನೆಯ ಕಪಾಟಿನಲ್ಲಿ ಅಕ್ಕಪಕ್ಕ ಕೂರುವುದು ಸಹಜ.

ರೋಗದ ಆರಂಭದ ಹಂತದಲ್ಲಿ ವಿಚಾರ ಸರಳವಾಗಿದೆ, ಅದನ್ನು ಬೇಕೆಂದು ತೊಡಕಾಗಿಸುವುದು ಅಪಾಯಕರ. ಬಳೆಯಂಥ ಕಲೆ ಕಂಡ ವಯಸ್ಕರಿಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 100 ಮಿಲಿಗ್ರಾಂ ಪ್ರಮಾಣದಲ್ಲಿ ದಿನಕ್ಕೆ ಎರಡು ಬಾರಿಯಂತೆ 10 ದಿನ, ಅದು ಒಗ್ಗದವರಿಗೆ ಅಮಾಕ್ಸಿಸಿಲಿನ್ ಅಥವಾ ಸೆಫ್ಯುರಾಕ್ಸಿಮ್ ಅನ್ನು 14 ದಿನ ಕೊಡಬೇಕೆಂದು 2020ರ ಅಮೆರಿಕನ್ ವೈದ್ಯಸಂಘಗಳ ಮಾರ್ಗಸೂಚಿ ಹೇಳುತ್ತದೆ, ಹೀಗೆ ಚಿಕಿತ್ಸೆ ಪಡೆದ ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ. ಈ ಹಂತದಲ್ಲಿ ರಕ್ತಪರೀಕ್ಷೆಯನ್ನು ಕಾಯುವಂತಿಲ್ಲ, ಏಕೆಂದರೆ ಪರೀಕ್ಷೆ ಹುಡುಕುವ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಎದುರಿಸಲು ದೇಹವೇ ತಯಾರಿಸುವ ವಸ್ತುಗಳು, ಕಾಣಿಸಿಕೊಳ್ಳಲು ಕೆಲವು ವಾರಗಳೇ ಬೇಕಾಗುತ್ತವೆ. ಚಿಕಿತ್ಸೆಯಿಲ್ಲದೆ ಉಳಿದವರಲ್ಲಿ ಸುಮಾರು ಶೇಕಡಾ 60ರಷ್ಟು ಮಂದಿಗೆ ತಿಂಗಳುಗಳ ನಂತರ ಕೀಲುಗಳು, ಮುಖ್ಯವಾಗಿ ಮೊಣಕಾಲು, ಬಾತುಕೊಳ್ಳುತ್ತವೆ. ಕೆಲವರ ಮುಖದ ನರ ಸೋತು ಬಾಯಿ ಒಂದು ಕಡೆಗೆ ವಾಲುತ್ತದೆ, ಇನ್ನು ಕೆಲವರ ಹೃದಯದ ಬಡಿತ ತಡವರಿಸುತ್ತದೆ. ಆ ಹತ್ತು ದಿನಗಳ ಮಾತ್ರೆಯ ಜಾಗದಲ್ಲಿ ನಿಲ್ಲಬಲ್ಲುದೆಂದು ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಸಿದ್ಧವಾದ ಮೂಲಿಕೆ ಇದುವರೆಗೆ ಒಂದೂ ಇಲ್ಲ.

ಆದರೂ ಮೂಲಿಕೆಯ ಕಡೆಗೆ ಮನಸ್ಸು ಒಲಿಯುತ್ತದೆ, ಆ ಒಲವಿನ ಬೇರು ಧಾರ್ಮಿಕವೆನ್ನಬಹುದಾದ ಒಂದು ನಂಬಿಕೆಯಲ್ಲಿದೆ. ಸೃಷ್ಟಿಯು ಮನುಷ್ಯನಿಗೆ ಹಿತವನ್ನೇ ಬಯಸುತ್ತದೆ, ನೋವು ಹುಟ್ಟಿದ ನೆಲದಲ್ಲೇ ಅದಕ್ಕೆ ಮದ್ದೂ ಹುಟ್ಟಿರುತ್ತದೆ ಎಂಬ ಈ ನಂಬಿಕೆಗೆ ದೀರ್ಘವಾದ, ಗೌರವಾರ್ಹವಾದ ಪರಂಪರೆಯಿದೆ. ಗುರುವಿನ ಆಜ್ಞೆಯಂತೆ ತಕ್ಷಶಿಲೆಯ ಸುತ್ತ ಅಲೆದು, ಮದ್ದಲ್ಲದ ಗಿಡ ಒಂದೂ ಸಿಗಲಿಲ್ಲವೆಂದು ಬರಿಗೈಯಲ್ಲಿ ಮರಳಿದ ವೈದ್ಯವಿದ್ಯಾರ್ಥಿ ಜೀವಕನ ಕಥೆಯನ್ನು ಬೌದ್ಧರು ಹೇಳಿಕೊಂಡು ಬಂದಿದ್ದಾರೆ. ಆಂಟಿಬಯೋಟಿಕ್ ಎಂಬುದಕ್ಕೆ ಕನ್ನಡದಲ್ಲಿ ಬಳಕೆಗೆ ಬಂದ ಪ್ರತಿಜೈವಿಕ ಎಂಬ ಪದವಾದರೋ ಜೀವಕ್ಕೇ ಎದುರು ನಿಂತ ವಸ್ತುವೆಂಬ ಭಾವವನ್ನು ಕಿವಿಗೆ ಬಿದ್ದ ಕ್ಷಣವೇ ಹುಟ್ಟಿಸುತ್ತದೆ. ವಸ್ತುಸ್ಥಿತಿ ಬೇರೆಯಾಗಿದೆ. ಪೆನ್ಸಿಲಿನ್ ಬೂಷ್ಟಿನಿಂದ ಬಂದದ್ದು. ಡಾಕ್ಸಿಸೈಕ್ಲಿನ್ ಸೇರಿದ ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಔಷಧವನ್ನು 1940ರ ದಶಕದಲ್ಲಿ ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ ಹುಡುಕಿದ್ದು ಮಿಸೌರಿಯ ಹುಲ್ಲುಗಾವಲಿನ ಮಣ್ಣಿನಲ್ಲಿ ವಾಸಿಸುವ ಸೂಕ್ಷ್ಮಜೀವಿಯಲ್ಲಿ. ಡಾಕ್ಸಿಸೈಕ್ಲಿನ್ ಪ್ರಯೋಗಾಲಯದಲ್ಲಿ ತಿದ್ದಿದ ರೂಪವೆಂಬುದು ನಿಜ, ಆದರೆ ಅದರ ಕುಲಮೂಲ ಮೊದಲ ಮಳೆಗೆ ಘಮಿಸುವ ಮಣ್ಣೇ. ಹೀಗಿರುವಾಗ ಪ್ರಕೃತಿ ಮತ್ತು ಕೃತಕ ಎಂಬ ವಿಂಗಡಣೆ ಮದ್ದಿನ ಗುಣವನ್ನು ತೂಗುವ ತಕ್ಕಡಿಯಾಗಲಾರದು. ವಿಷವೂ ಯುಕ್ತಿಯಿಂದ ಬಳಸಿದರೆ ಔಷಧವಾಗುತ್ತದೆ, ಔಷಧವೂ ಯುಕ್ತಿ ತಪ್ಪಿದರೆ ವಿಷವಾಗುತ್ತದೆ ಎಂಬ ವಿವೇಕ ಚರಕಸಂಹಿತೆಯಷ್ಟು ಹಳೆಯದು.

ನಿಜವಾದ ತೊಡಕು ಚಿಕಿತ್ಸೆಯ ನಂತರ ಆರಂಭವಾಗುತ್ತದೆ. ಆಂಟಿಬಯೋಟಿಕ್ ಸರಿಯಾಗಿ ತೆಗೆದುಕೊಂಡವರಲ್ಲೂ ಶೇಕಡಾ 5ರಿಂದ 10ರಷ್ಟು ಮಂದಿಗೆ ಆಯಾಸ, ಮೈಕೈ ನೋವು, ಮರೆವು ತಿಂಗಳುಗಟ್ಟಲೆ ಉಳಿಯುತ್ತವೆ; ಆರು ತಿಂಗಳು ದಾಟಿದ ಇಂಥ ಸ್ಥಿತಿಯನ್ನು ಚಿಕಿತ್ಸೋತ್ತರ ಲೈಮ್ ಲಕ್ಷಣಕೂಟವೆಂದು ಕರೆಯುತ್ತಾರೆ. ಇಂಥವರಲ್ಲಿ ಕೆಲವರು ತಿಂಗಳುಗಟ್ಟಲೆ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಹಾಕಿಸಿಕೊಳ್ಳುತ್ತಾರೆ, ಕೆಲವರು 2005ರಲ್ಲಿ ಸ್ಟೀಫನ್ ಹ್ಯಾರಡ್ ಬೂನರ್ ಪ್ರಕಟಿಸಿದ ಪುಸ್ತಕದಿಂದ ಪ್ರಸಿದ್ಧವಾದ ಮೂಲಿಕೆಗಳ ಕ್ರಮವನ್ನು ಹಿಡಿಯುತ್ತಾರೆ, ಎರಡೂ ಕಡೆ ತಾವು ಗುಣವಾದೆವೆಂದು ಪ್ರಾಮಾಣಿಕವಾಗಿ ಸಾಕ್ಷಿ ನುಡಿಯುವವರು ಸಿಗುತ್ತಾರೆ. ಈ ಸಾಕ್ಷ್ಯವನ್ನು ಹೇಗೆ ತೂಗಬೇಕು?

ಇಲ್ಲಿ ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನದ ನೆರವು ದೊಡ್ಡದು. ಹೊಗೆ ಕಂಡಲ್ಲಿ ಬೆಂಕಿಯಿದೆ ಎಂದು ಊಹಿಸಲು ಹೊಗೆಗೂ ಬೆಂಕಿಗೂ ಎಂದೂ ತಪ್ಪದ ಸಂಬಂಧವಿರಬೇಕು, ಅದಕ್ಕೆ ವ್ಯಾಪ್ತಿಯೆಂದು ಹೆಸರು. ಆದರೆ ಬೆಂಕಿಯಿರುವಲ್ಲೆಲ್ಲ ಹೊಗೆಯಿದೆ ಎಂದು ತಿರುಗಿಸಿ ಹೇಳುವಂತಿಲ್ಲ, ಏಕೆಂದರೆ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿರುವುದಿಲ್ಲ. ಹೊಗೆ ಏಳಬೇಕಾದರೆ ಹಸಿ ಕಟ್ಟಿಗೆ ಬೇಕು, ಕಣ್ಣಿಗೆ ಬೀಳದೆ ನಡುವೆ ಕುಳಿತ ಈ ಹಸಿ ಕಟ್ಟಿಗೆಯನ್ನೇ ನೈಯಾಯಿಕರು ಉಪಾಧಿ ಎಂದರು. ಮದ್ದು ಕುಡಿದೆ, ಗುಣವಾದೆ ಎಂಬ ಮಾತಿನ ನಡುವೆಯೂ ಇಂಥ ಉಪಾಧಿಯೊಂದು ಕುಳಿತಿರಬಹುದು. ಚಿಕಿತ್ಸೆಯ ನಂತರ ಉಳಿದ ನೋವು ಅನೇಕರಲ್ಲಿ ಕಾಲ ಸರಿದಂತೆ ತಾನೇ ಇಳಿಯುತ್ತದೆ, ಅದೂ ನೇರವಾಗಿ ಇಳಿಯದೆ ಏರಿಳಿಯುತ್ತ ಇಳಿಯುತ್ತದೆ. ರೋಗಿ ಹೊಸ ಮದ್ದನ್ನು ಹುಡುಕುವುದು ನೋವು ತುದಿಮುಟ್ಟಿದ ದಿನಗಳಲ್ಲಿ, ಅಂದರೆ ಅದು ಹೇಗೂ ಇಳಿಯಲಿದ್ದ ಹೊತ್ತಿನಲ್ಲಿ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಎಂಬ ನುಡಿಗಟ್ಟನ್ನು ಕನ್ನಡಿಗರು ಇನ್ನೊಬ್ಬರ ನಂಬಿಕೆಯನ್ನು ಹಗುರಾಗಿ ತಳ್ಳಿಹಾಕಲು ಬಳಸುವುದುಂಟು. ನೋವಿನಲ್ಲಿರುವ ಮನುಷ್ಯನಿಗೆ ಅದನ್ನು ಹಾಗೆ ಎಸೆಯುವುದು ಕ್ರೌರ್ಯವಾಗುತ್ತದೆ, ಆದರೆ ಅದರೊಳಗಿನ ತರ್ಕ ಮಾತ್ರ ಗಟ್ಟಿಯಾದದ್ದು.

ಉಪಾಧಿಯನ್ನು ಕಳೆಯುವ ದಾರಿಯನ್ನೂ ಅದೇ ಪರಂಪರೆ ತೋರಿಸಿದೆ. ಅನ್ವಯವೆಂದರೆ ಇದು ಇರುವಲ್ಲಿ ಅದು ಇರುವುದು, ವ್ಯತಿರೇಕವೆಂದರೆ ಇದು ಇಲ್ಲದಲ್ಲಿ ಅದೂ ಇಲ್ಲದಿರುವುದು. ಎರಡೂ ಕೂಡಿದಾಗ ಸಂಬಂಧ ನಿಶ್ಚಯವಾಗುತ್ತದೆ. ಗುಣವಾದವರ ಸಾಕ್ಷ್ಯದಲ್ಲಿ ಅನ್ವಯವಷ್ಟೇ ಇದೆ, ಮದ್ದು ಸಿಗದಿದ್ದರೆ ಅವರಿಗೆ ಏನಾಗುತ್ತಿತ್ತು ಎಂಬ ವ್ಯತಿರೇಕ ಅವರ ಅನುಭವದಲ್ಲಿ ಸಿಗುವಂತಿಲ್ಲ. ಪ್ಲಸಿಬೊ, ಅಂದರೆ ಮದ್ದಿನಂತೆಯೇ ಕಾಣುವ ಆದರೆ ಮದ್ದಿನ ಅಂಶವಿಲ್ಲದ ವಸ್ತುವನ್ನು ಅರ್ಧ ಜನರಿಗೆ ಕೊಟ್ಟು ಹೋಲಿಸುವ ಆಧುನಿಕ ಪರೀಕ್ಷೆ ಈ ಕಾಣದ ವ್ಯತಿರೇಕವನ್ನು ಕಾಣಿಸುವ ಯತ್ನವೇ ಆಗಿದೆ. 2001ರಲ್ಲಿ ಪ್ರಕಟವಾದ ಅಂಥ ಪರೀಕ್ಷೆಯಲ್ಲಿ, ನೋವು ಉಳಿದಿದ್ದ 129 ರೋಗಿಗಳಲ್ಲಿ ಒಂದು ಗುಂಪಿಗೆ 30 ದಿನ ಸೆಫ್ಟ್ರಿಯಾಕ್ಸೋನ್ ಅನ್ನು ರಕ್ತನಾಳದ ಮೂಲಕವೂ ಬಳಿಕ 60 ದಿನ ಡಾಕ್ಸಿಸೈಕ್ಲಿನ್ ಅನ್ನು ಬಾಯಿಯ ಮೂಲಕವೂ ಕೊಟ್ಟು, ಇನ್ನೊಂದು ಗುಂಪಿಗೆ ಪ್ಲಸಿಬೊ ಕೊಟ್ಟು ನೋಡಲಾಯಿತು. ಎರಡು ಗುಂಪುಗಳಲ್ಲೂ ಮೂರನೇ ಒಂದಕ್ಕಿಂತ ಹೆಚ್ಚು ಜನ ಸುಧಾರಿಸಿದರು, ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನೆದರ್ಲೆಂಡ್ಸ್‌ನಲ್ಲಿ 280 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯೂ ದೀರ್ಘ ಚಿಕಿತ್ಸೆಯಿಂದ ಹೆಚ್ಚಿನ ಲಾಭವಿಲ್ಲವೆಂದೇ ಹೇಳಿತು. ಲಾಭವಿಲ್ಲ ಎಂಬಷ್ಟಕ್ಕೆ ವಿಷಯ ನಿಲ್ಲುವುದೂ ಇಲ್ಲ: 27 ತಿಂಗಳ ಕಾಲ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಪಡೆಯುತ್ತಿದ್ದ 30 ವರ್ಷದ ಮಹಿಳೆಯೊಬ್ಬರು, ರಕ್ತನಾಳಕ್ಕೆ ಅಳವಡಿಸಿದ ಕೊಳವೆಯಲ್ಲಿ ಬೆಳೆದ ಶಿಲೀಂಧ್ರದ ಸೋಂಕಿನಿಂದಲೇ ತೀರಿಕೊಂಡ ಪ್ರಕರಣ 2000ದಲ್ಲಿ ವರದಿಯಾಗಿದೆ.

ಮೂಲಿಕೆಗಳನ್ನೂ ಇದೇ ತಕ್ಕಡಿಯಲ್ಲಿ ಇಡಬೇಕಾಗುತ್ತದೆ. 2020ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಸಹವರ್ತಿಗಳೂ ಸೇರಿ ಲೈಮ್ ಬ್ಯಾಕ್ಟೀರಿಯಾದ ಮೇಲೆ ಹಲವು ಮೂಲಿಕೆಗಳ ಸತ್ವವನ್ನು ಪರೀಕ್ಷಿಸಿದಾಗ, ಆಫ್ರಿಕದ ಕ್ರಿಪ್ಟೋಲೆಪಿಸ್ ಬೇರು, ಕಪ್ಪು ಆಕ್ರೋಟು, ಜಪಾನಿನ ನಾಟ್‌ವೀಡ್ ಮುಂತಾದವು ಬೆಳವಣಿಗೆ ನಿಲ್ಲಿಸಿ ಸುಪ್ತವಾಗಿದ್ದ ಬ್ಯಾಕ್ಟೀರಿಯಾವನ್ನು ಡಾಕ್ಸಿಸೈಕ್ಲಿನ್‌ಗಿಂತಲೂ ಚೆನ್ನಾಗಿ ಕೊಂದವು. ಇದು ಕಡೆಗಣಿಸುವಂಥ ಫಲಿತಾಂಶವಲ್ಲ. ಆದರೆ ಇದು ಗಾಜಿನ ನಳಿಕೆಯೊಳಗೆ ನಡೆದದ್ದು. ನಳಿಕೆಯಲ್ಲಿ ಬ್ಯಾಕ್ಟೀರಿಯಾದ ಮೇಲೆ ನೇರವಾಗಿ ಸುರಿದ ಸತ್ವ ಬಾಯಿಯ ಮೂಲಕ ಹೋಗಿ, ಜಠರ ಮತ್ತು ಪಿತ್ತಜನಕಾಂಗವನ್ನು ದಾಟಿ, ಅದೇ ಸಾಂದ್ರತೆಯಲ್ಲಿ ಮೊಣಕಾಲಿನ ಕೀಲನ್ನು ತಲುಪುತ್ತದೆಂದು ಹೇಳಲು ಆಧಾರ ಬೇಕು. ಬೂನರ್ ಅವರ ಕ್ರಮದಲ್ಲಿ ಮುಖ್ಯ ಸ್ಥಾನ ಪಡೆದಿದ್ದ, ಕರ್ನಾಟಕದ ಮನೆಗಳಲ್ಲಿ ಜ್ವರಕ್ಕೆ ಕಷಾಯ ಮಾಡುವ ನೆಲಬೇವು ಅದೇ ಪರೀಕ್ಷೆಯಲ್ಲಿ ಈ ಬ್ಯಾಕ್ಟೀರಿಯಾದ ಮೇಲೆ ಹೆಚ್ಚಿನ ಪರಿಣಾಮ ತೋರಲಿಲ್ಲ ಎಂಬುದನ್ನೂ ಮರೆಯದೆ ಹೇಳಬೇಕು. ಪರಂಪರೆಯ ಮಾತು ಪರೀಕ್ಷೆಗೆ ಒಡ್ಡಿಕೊಂಡಾಗ ಎಷ್ಟು ಎತ್ತರಕ್ಕೆ ಏರಬಲ್ಲುದು ಎಂಬುದಕ್ಕೂ ನಿದರ್ಶನವಿದೆ: ನಾಲ್ಕನೇ ಶತಮಾನದ ಚೀನಾದ ಗೆ ಹಾಂಗ್ ತನ್ನ ಕೈಪಿಡಿಯಲ್ಲಿ ಮಾಚಿಪತ್ರೆಯ ಕುಲದ ಆರ್ಟಿಮಿಸಿಯಾ ಗಿಡವನ್ನು ಕುದಿಸಲು ಹೇಳದೆ ನೀರಿನಲ್ಲಿ ನೆನೆಸಿ ಹಿಂಡಬೇಕೆಂದು ಬರೆದದ್ದನ್ನು 1970ರ ದಶಕದ ಆರಂಭದಲ್ಲಿ ಗಮನಿಸಿದ ವಿಜ್ಞಾನಿ ತು ಯೂಯೂ, ಕಾವಿಗೆ ಸತ್ವ ಕೆಡುತ್ತದೆಂದು ಊಹಿಸಿ, ಕಡಿಮೆ ಉಷ್ಣತೆಯಲ್ಲಿ ಅದನ್ನು ತೆಗೆದು, ಮೊದಲು ಪ್ರಾಣಿಗಳ ಮೇಲೆ, ಆಮೇಲೆ ತಾವೇ ಸೇವಿಸಿ, ಅನಂತರ ರೋಗಿಗಳ ಮೇಲೆ ಪರೀಕ್ಷಿಸಿ ಮಲೇರಿಯಾಕ್ಕೆ ಮದ್ದು ಕೊಟ್ಟರು. 2015ರ ನೊಬೆಲ್ ಬಹುಮಾನ ಅವರಿಗೆ ಸಂದದ್ದು ಈ ಪೂರ್ತಿ ದಾರಿಯನ್ನು ನಡೆದದ್ದಕ್ಕೆ.

ಹಾಗಾದರೆ ರೋಗಿಯ ಮಾತಿಗೆ ಬೆಲೆಯಿಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಈ ರೋಗದ ಚರಿತ್ರೆಯೇ ಅದಕ್ಕೆ ಉತ್ತರ ಕೊಡುತ್ತದೆ. 1975ರಲ್ಲಿ ಕನೆಕ್ಟಿಕಟ್‌ನ ಲೈಮ್ ಊರಿನ ಪಾಲಿ ಮರ್ರೆ ಎಂಬ ತಾಯಿ, ತನ್ನದೂ ತನ್ನ ಮಕ್ಕಳದೂ ಕೀಲುನೋವು ಮತ್ತು ಕಲೆಗಳನ್ನು ವರ್ಷಗಳಿಂದ ವೈದ್ಯರು ಗಂಭೀರವಾಗಿ ತೆಗೆದುಕೊಳ್ಳದಿದ್ದಾಗಲೂ ಬಿಡದೆ, ನೆರೆಹೊರೆಯ ರೋಗಿಗಳ ವಿವರವನ್ನೂ ಕಲೆಹಾಕಿ ರಾಜ್ಯದ ಆರೋಗ್ಯ ಇಲಾಖೆಗೆ ತಿಳಿಸಿದರು. ಯೇಲ್ ವಿಶ್ವವಿದ್ಯಾಲಯದ ಆಲನ್ ಸ್ಟಿಯರ್ ಮತ್ತು ಸಂಗಡಿಗರು ಬಂದು ನೋಡಿದಾಗ ಮೂರು ಅಕ್ಕಪಕ್ಕದ ಊರುಗಳಲ್ಲಿ 39 ಮಕ್ಕಳೂ 12 ವಯಸ್ಕರೂ ಒಂದೇ ಬಗೆಯ ಕೀಲುಬಾವಿನಿಂದ ನರಳುತ್ತಿದ್ದರು. ಆ ತಾಯಿಯ ಪ್ರತ್ಯಕ್ಷ, ಅಂದರೆ ಕಣ್ಣಾರೆ ಕಂಡ ಅರಿವು ಸತ್ಯವಾಗಿತ್ತು, ವೈದ್ಯರ ಅಸಡ್ಡೆ ತಪ್ಪಾಗಿತ್ತು. ಆದರೆ ಕಾರಣ ಉಣುಗಿನ ಹೊಟ್ಟೆಯ ಬ್ಯಾಕ್ಟೀರಿಯಾ ಎಂಬುದು ಆ ಪ್ರತ್ಯಕ್ಷದಿಂದ ತಿಳಿಯಲಿಲ್ಲ, ಅದಕ್ಕೆ ಇನ್ನೂ ಆರೇಳು ವರ್ಷಗಳ ಹುಡುಕಾಟ ಬೇಕಾಯಿತು. ನೋವಿದೆ ಎಂಬುದಕ್ಕೆ ನೋವುಂಡವರೇ ಕೊನೆಯ ಪ್ರಮಾಣ, ಅದನ್ನು ಅಲ್ಲಗಳೆಯುವ ಹಕ್ಕು ಯಾವ ರಕ್ತಪರೀಕ್ಷೆಗೂ ಇಲ್ಲ. ನೋವಿನ ಕಾರಣ ಯಾವುದು, ಅದನ್ನು ಇಳಿಸಿದ್ದು ಯಾವುದು ಎಂಬುದಕ್ಕೆ ಮಾತ್ರ ಅನುಮಾನದ, ಅಂದರೆ ವ್ಯಾಪ್ತಿಯನ್ನು ಹಿಡಿದು ತರ್ಕದಿಂದ ಊಹಿಸುವ ಕ್ರಮದ ಕಟ್ಟುನಿಟ್ಟು ಬೇಕು. ವೈದ್ಯರು ಎರಡನೆಯದನ್ನು ಹಿಡಿದು ಮೊದಲನೆಯದನ್ನು ನಿರಾಕರಿಸಿದಾಗ ರೋಗಿ ಅವರಿಂದ ದೂರವಾಗಿ, ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಗಾಳಿಗೆ ತೂರುವವರ ಕೈಗೆ ಸಿಗುತ್ತಾನೆ. ಶಾಸನವೂ ಈ ಬಿರುಕನ್ನು ಮುಚ್ಚಲಾರದು: 2009ರಲ್ಲಿ ಕನೆಕ್ಟಿಕಟ್ ರಾಜ್ಯವು ದೀರ್ಘ ಆಂಟಿಬಯೋಟಿಕ್ ಕೊಡುವ ವೈದ್ಯರಿಗೆ ಕಾನೂನಿನ ರಕ್ಷಣೆ ನೀಡಿತು, ಅದರಿಂದ ವೈದ್ಯರು ಶಿಕ್ಷೆಯಿಂದ ಪಾರಾಗಬಹುದೇ ಹೊರತು ಔಷಧಕ್ಕೆ ಇಲ್ಲದ ಗುಣ ಬರುವುದಿಲ್ಲ.

ಬಳೆಯಾಕಾರದ ಕಲೆ ಕಂಡವರು ಅದೇ ದಿನ ವೈದ್ಯರ ಬಳಿ ಹೋಗಿ ಆಂಟಿಬಯೋಟಿಕ್ ಆರಂಭಿಸಬೇಕು, ಕಷಾಯವನ್ನು ನಂಬಿ ಒಂದು ವಾರವನ್ನೂ ಕಳೆಯಬಾರದು. ಮೂಲಿಕೆ ಸೇವಿಸುತ್ತಿದ್ದರೆ ಅದರ ಹೆಸರನ್ನು ವೈದ್ಯರಿಂದ ಮುಚ್ಚಿಡಬಾರದು. ಚಿಕಿತ್ಸೆ ಮುಗಿದ ಮೇಲೂ ನೋವು ಉಳಿದವರಿಗೆ ಆಂಟಿಬಯೋಟಿಕ್ ಆಗಲಿ ಮೂಲಿಕೆಯಾಗಲಿ ಸಿದ್ಧವಾದ ಮದ್ದು ಸದ್ಯಕ್ಕಿಲ್ಲವೆಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಬೇಕು, ಹೇಳಿದ ಮೇಲೆ ನಿದ್ದೆಗೆ, ನೋವಿಗೆ, ನಿಧಾನವಾಗಿ ಹೆಚ್ಚಿಸುವ ನಡಿಗೆಗೆ ನೆರವಾಗುತ್ತ, ಮುಂದಿನ ಭೇಟಿಯ ದಿನಾಂಕವನ್ನು ತಾವೇ ಬರೆದುಕೊಡಬೇಕು.