ಕ್ಯಾಂಪಿನ ಮಕ್ಕಳ ಎರಡನೆಯ ನುಡಿ

ಎರಡು ಭಾಷೆಗಳಲ್ಲಿ ಬೆಳೆದ ಮಗು ಕೊನೆಗೆ ಯಾವ ಸಂಸ್ಕೃತಿಗೆ ಸೇರಿದ್ದು ಎಂಬ ಪ್ರಶ್ನೆಗೆ ಉತ್ತರವನ್ನು ಸಾಮಾನ್ಯವಾಗಿ ಆ ಮಗುವಿನ ಮನಸ್ಸಿನಲ್ಲೇ ಹುಡುಕಲಾಗುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಬದುಕನ್ನು ಎದುರಿಗಿಟ್ಟುಕೊಂಡು ನೋಡಿದರೆ, ಆ ಮಗುವಿನ ಮನೆಮಾತನ್ನು ನೆರೆಯವರು ಎಷ್ಟರಮಟ್ಟಿಗೆ ಕಲಿತರು ಎಂಬುದನ್ನು ಮೊದಲು ಕೇಳಬೇಕಾಗುತ್ತದೆ.

ಈ ಸೀಮೆ ಒಂದೇ ನುಡಿಯ ನೆಲವಾಗಿದ್ದ ಕಾಲ ಸುಲಭಕ್ಕೆ ಸಿಗುವುದಿಲ್ಲ. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದ ಭಾಷೆ ಪ್ರಾಕೃತ. 1948ರವರೆಗೆ ಇಲ್ಲಿ ನಡೆದ ನಿಜಾಮರ ಆಡಳಿತದ ಭಾಷೆ ಉರ್ದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಹರಿಯತೊಡಗಿದ ಮೇಲೆ, ಆಂಧ್ರದ ಕಡೆಯ ರೈತರು ಬಂದು ಎರೆಭೂಮಿ ಕೊಂಡು, ಕ್ಯಾಂಪು ಎಂದು ಕರೆಯುವ ವಸತಿಗಳನ್ನು ಕಟ್ಟಿಕೊಂಡು, ಜೋಳದ ಹೊಲಗಳನ್ನು ಭತ್ತದ ಗದ್ದೆ ಮಾಡಿದರು. ನಾಟಿಯ ಗದ್ದೆಯಲ್ಲಿ ಪಕ್ಕದವಳೊಡನೆ ಕನ್ನಡದಲ್ಲಿ ಹರಟುತ್ತಲೇ ಸಾಲು ಹಿಡಿಯುವ ಹೆಣ್ಣಾಳು, ಬದುವಿನ ಮೇಲೆ ನಿಂತ ಯಜಮಾನನಿಗೆ ಕೂಲಿಯ ಲೆಕ್ಕವನ್ನು ತೆಲುಗಿನಲ್ಲಿ ಒಪ್ಪಿಸುತ್ತಾಳೆ. ಅದೇ ಯಜಮಾನ ತಹಶೀಲ್ದಾರ ಕಚೇರಿಯ ಮೆಟ್ಟಿಲು ಹತ್ತುವಾಗ ಕನ್ನಡಕ್ಕೆ ಹೊರಳುತ್ತಾನೆ. ಹೀಗೆ ಎರಡೂ ಕಡೆಯವರು ಎರಡೂ ನುಡಿ ಕಲಿತಿರುವುದರಿಂದ, ಕ್ಯಾಂಪಿನ ತೆಲುಗು ಮಗುವಿಗೆ ತಾನು ಯಾರೆಂದು ವಿವರಿಸುವ ಗೊಡವೆ ಅಷ್ಟಾಗಿ ಬರುವುದಿಲ್ಲ. ಇದನ್ನು ಬರೀ ಸೌಹಾರ್ದವೆಂದು ಹೊಗಳುವವರು ಜಮೀನಿನ ಪಹಣಿಯನ್ನೂ ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಕೂಲಿಯಾಳು ತೆಲುಗು ಕಲಿತದ್ದು ಕೂಲಿ ಕೊಡುವವನ ಮಾತು ಅದಾಗಿದ್ದರಿಂದ.

ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಸಿಂಧನೂರಿನ ಪುನರ್ವಸತಿ ಶಿಬಿರಗಳಾದ ಆರ್‌.ಎಚ್‌. ಕ್ಯಾಂಪುಗಳಲ್ಲಿ ನೆಲೆಗೊಂಡ ಬಂಗಾಳಿ ಕುಟುಂಬಗಳ ಪಾಡು ಬೇರೆ. ಆ ಮನೆಗಳ ಮಗು ಶಾಲೆಗಾಗಿ ಕನ್ನಡವನ್ನೂ ದುಡಿಮೆಗಾಗಿ ತೆಲುಗನ್ನೂ ಕಲಿಯುತ್ತದೆ; ಆದರೆ ಸುತ್ತಲಿನ ಯಾವ ಊರಿಗೂ ಬಂಗಾಳಿ ಕಲಿಯುವ ಜರೂರಿ ಇಲ್ಲ. ನುಡಿಗಳ ಎಣಿಕೆಯಲ್ಲಿ ಈ ಮಗುವೇ ಮುಂದಿದ್ದರೂ ಹೊರಗಿನದೆನಿಸಿಕೊಳ್ಳುವುದೂ ಇದೇ.

ಫ್ರೆಂಚ್ ಮತ್ತು ಇಂಗ್ಲಿಷ್ ಎರಡೂ ನಡೆಯುವ ಮಾಂಟ್ರಿಯಲ್ ನಗರದಲ್ಲಿ ಅಧ್ಯಯನ ನಡೆಸಿದ ಮನೋವಿಜ್ಞಾನಿ ವಾಲೆಸ್ ಲ್ಯಾಂಬರ್ಟ್, ಮೊದಲ ಭಾಷೆಗೆ ಧಕ್ಕೆಯಾಗದಂತೆ ಎರಡನೆಯದು ಬಂದು ಸೇರುವುದನ್ನು ಕೂಡುವ ದ್ವಿಭಾಷಿಕತೆಯೆಂದೂ, ಎರಡನೆಯದು ಬಂದು ಮೊದಲನೆಯದನ್ನು ಸವೆಸುವುದನ್ನು ಕಳೆಯುವ ದ್ವಿಭಾಷಿಕತೆಯೆಂದೂ ವಿಂಗಡಿಸಿದ. ಉದಾಹರಣೆಗೆ, ಫ್ರೆಂಚ್ ತಾಯಿ, ಅಮೆರಿಕದ ತಂದೆಯ ನಡುವೆ ಬೆಳೆಯುವ ಮಗುವಿನ ಎರಡೂ ನುಡಿಗಳ ಬೆನ್ನಿಗೆ ಸರ್ಕಾರ, ಶಾಲೆ, ಪುಸ್ತಕದಂಗಡಿಗಳಿರುವುದರಿಂದ, ತಾನು ಎಲ್ಲಿಗೆ ಸೇರಿದ್ದೆಂಬ ಅದರ ತೊಳಲಾಟ ಎಷ್ಟೇ ನಿಜವಾದರೂ, ನುಡಿ ಕಳೆದುಹೋಗುವ ಭಯ ಅದರಲ್ಲಿ ಕಡಿಮೆ. ಆರ್‌.ಎಚ್‌. ಕ್ಯಾಂಪಿನ ಬಂಗಾಳಿಗೆ ಮನೆ ಮತ್ತು ದುರ್ಗಾಪೂಜೆಯ ಪೆಂಡಾಲು ಬಿಟ್ಟರೆ ಬೇರೆ ಆಸರೆ ಕಡಿಮೆ.

ಇಲ್ಲಿ ಕನ್ನಡಿಗರ ಹೊಣೆಯ ಮಾತು ಬರುತ್ತದೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯ ಮಾಡಿದ್ದು ನ್ಯಾಯವೇ. ನೆಲದ ನುಡಿ ಬಾರದ ಮಗು ಕಚೇರಿಯಲ್ಲೂ ಆಸ್ಪತ್ರೆಯಲ್ಲೂ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಆದರೆ ಪರಭಾಷೆಯ ಮಗುವಿಗೆ ಕನ್ನಡ ಕಲಿಸುವ ಸಮಾಜ ಅದರ ಮನೆಮಾತಿನ ನಾಲ್ಕು ಮಾತನ್ನಾದರೂ ಕಲಿಯದೆ ಹೋದರೆ, ಆ ಕಲಿಕೆ ಲ್ಯಾಂಬರ್ಟ್ ಹೇಳಿದ ಎರಡನೆಯ ಬಗೆಗೆ ಸೇರುವ ಸಂಭವವೇ ಹೆಚ್ಚು. ತುಂಗಭದ್ರೆಯ ದಂಡೆಯ ಮುಕ್ಕುಂದದಿಂದ ಬೆಂಗಳೂರಿಗೆ ದುಡಿಯಲು ಹೋದ ಕುಟುಂಬದ ಮಗು ತನ್ನ ರಾಯಚೂರು ಕನ್ನಡವನ್ನು ತರಗತಿಯಲ್ಲಿ ಆಡಲು ಅಂಜಿದರೆ, ಅದಕ್ಕಾಗುವ ನಷ್ಟವೂ ಇದೇ ಬಗೆಯದು.