ಮಡಿಲಿನ ಲೆಕ್ಕ

ಎರಡನೆಯ ಸಲ ಬಸುರಿಯಾದವಳನ್ನು ಕಂಡವರೆಲ್ಲ ಒಂದು ಮಾತು ಹೇಳಿಯೇ ಹೇಳುತ್ತಾರೆ: ಪ್ರೀತಿ ಹಂಚಿದರೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಶಿರಸಿ ಪೇಟೆಯ ಸ್ಕ್ಯಾನಿಂಗ್ ಕೋಣೆಯ ಹೊರಗಿನ ಬೆಂಚಿನಲ್ಲಿ ಪಕ್ಕದವರು ಹೇಳುತ್ತಾರೆ, ಮದುವೆಮನೆಯ ಪಂಕ್ತಿಯಲ್ಲಿ ಎದುರೆಲೆಯವರು ಹೇಳುತ್ತಾರೆ, ಬೆಂಗಳೂರಿನ ನೆಂಟರು ಫೋನ್ ಮಾಡಿ ಹೇಳುತ್ತಾರೆ. ಹಿಂದೆಯೇ ದೀಪದ ಉಪಮೆ ಬರುತ್ತದೆ. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದರೆ ಮೊದಲಿನದರ ಬೆಳಕು ಕುಂದುತ್ತದೆಯೇ? ಕುಂದುವುದಿಲ್ಲ, ನಿಜ. ಆದರೆ ಎರಡು ದೀಪ ಬೆಳಗಿನವರೆಗೆ ಉರಿಯಬೇಕಾದರೆ ಎಣ್ಣೆ ಎರಡರಷ್ಟು ಬೇಕು. ಅದನ್ನು ಯಾರು ಹೊಯ್ಯಬೇಕು, ಎಲ್ಲಿಂದ ತರಬೇಕು ಎಂದು ಆ ಉಪಮೆ ಹೇಳಿದವರು ಯಾರೂ ಕೇಳಿದ್ದಿಲ್ಲ.

ನನ್ನ ಮಗಳಿಗೆ ಎರಡೂವರೆ ವರ್ಷ, ನನಗೀಗ ಎಂಟು ತಿಂಗಳು. ಹೆಚ್ಚುವ ಪ್ರೀತಿಯ ಈ ಸಿದ್ಧಾಂತವನ್ನು ಅವಳು ಒಪ್ಪಿಲ್ಲ. ಅವಳ ಪಕ್ಷವೇ ಸರಿ ಎಂದು ನನ್ನ ವಾದ.

ಸಂಜೆ ಜಗಲಿಯ ಮೇಲೆ ನಾನು ಕೂತದ್ದು ಕಂಡರೆ ಅವಳು ಹತ್ತಿರ ಬಂದು ಬೆನ್ನು ತಿರುಗಿಸುತ್ತಾಳೆ. ಆಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ, ಒಮ್ಮೆಯೂ ತಿರುಗಿ ನೋಡದೆ, ದೊಪ್ಪನೆ ಕೂತುಬಿಡುತ್ತಾಳೆ. ಕೆಳಗೆ ಮಡಿಲು ಇದ್ದೇ ಇರುತ್ತದೆ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಈಚೆಗೆ ಹಾಗೆ ಕೂತರೆ ಬೆನ್ನು ಹೊಟ್ಟೆಗೆ ತಾಗಿ, ಮೊಣಕಾಲಿನವರೆಗೆ ಜಾರಿ, ನೆಲಕ್ಕಿಳಿಯುತ್ತಾಳೆ. ಎದ್ದು ನಿಂತು ಹೊಟ್ಟೆಯನ್ನು ಒಮ್ಮೆ ನೋಡಿ, ಅಂಗೈಯಿಂದ ದೂಡಿ, “ಆಯಿ, ಇದ್ನ ಕೆಳಗೆ ಇಡು” ಎನ್ನುತ್ತಾಳೆ. ನೀರಿನ ಕೊಡ ಹೊತ್ತು ಬಂದವಳಿಗೆ ಹೇಳುವ ಹಾಗೆ. ಹುಟ್ಟಬೇಕಾದದ್ದು ಇನ್ನೂ ಹುಟ್ಟಿಲ್ಲ, ಮಡಿಲು ಆಗಲೇ ಹೋಗಿದೆ.

ಪ್ರೀತಿ ಹೆಚ್ಚುತ್ತದೆ ಎಂಬುದು ಕೊಡುವವರ ಅನುಭವ. ತಾಯಿಯ ಒಳಗೆ ಅದು ನಿಜವೂ ಇರಬಹುದು. ಪಡೆಯುವವರಿಗೆ ಮಾತ್ರ ಪ್ರೀತಿ ಒಂದು ಭಾವವಾಗಿ ಮುಟ್ಟುವುದಿಲ್ಲ. ತೊಡೆಯ ಬಿಸಿಯಾಗಿ, ರಾತ್ರಿ ಎಚ್ಚರಾದಾಗ ಕೈಗೆ ಸಿಗುವ ಸೀರೆ ಸೆರಗಾಗಿ, ಕರೆದಾಗ ಓಗೊಡುವ ಧ್ವನಿಯಾಗಿ ಮುಟ್ಟುತ್ತದೆ. ಇವೆಲ್ಲ ಎಣಿಸಬಹುದಾದವು, ಇವೆಲ್ಲ ಮುಗಿಯುವಂಥವು. ತಾಯಿಗೆ ತೊಡೆ ಎರಡೇ, ರಾತ್ರಿಯೂ ಒಂದೇ. ಎರಡೂವರೆ ವರ್ಷದವಳು ಪ್ರೀತಿಯನ್ನು ಮಡಿಲಿನಿಂದ ಅಳೆಯುತ್ತಾಳೆ. ಬೆಳೆದ ನಾವೂ ಹಾಗೆಯೇ ಅಳೆಯುತ್ತೇವೆ, ಹೇಳಿಕೊಳ್ಳಲು ನಾಚುತ್ತೇವೆ ಅಷ್ಟೆ. ಮನಸ್ಸಿನಲ್ಲಿ ಅಪಾರ ಪ್ರೀತಿಯಿಟ್ಟುಕೊಂಡು ವರ್ಷಕ್ಕೊಮ್ಮೆಯೂ ಊರಿಗೆ ಬಾರದ ಮಗನ ಬಗ್ಗೆ ನಮ್ಮ ಜಗಲಿಗಳಲ್ಲಿ ಏನು ಮಾತಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಮಗುವಿನ ಈ ಲೆಕ್ಕವನ್ನು ಬರೀ ಹಟ ಎಂದು ತಳ್ಳಿಹಾಕುವವರು ವೈದ್ಯಶಾಸ್ತ್ರದ ಕಡೆ ಒಮ್ಮೆ ನೋಡಬೇಕು. 1930ರ ದಶಕದಲ್ಲಿ ಇಂದಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಕ್ವಾಶಿಯೋರ್ಕರ್ ಎಂಬ ಕಾಯಿಲೆಯನ್ನು ವೈದ್ಯಲೋಕಕ್ಕೆ ಪರಿಚಯಿಸಿದಳು. ಕೈಕಾಲು ಊದಿಕೊಂಡು, ಕೂದಲ ಬಣ್ಣ ಹೋಗಿ, ಮಕ್ಕಳು ಸಾಯುತ್ತಿದ್ದ ಅಪೌಷ್ಟಿಕತೆ ಅದು. ಅಲ್ಲಿನ ತಾಯಂದಿರಿಗೆ ಅದು ಹೊಸತೇನಾಗಿರಲಿಲ್ಲ. ಹಿಂದಿನಿಂದ ಇನ್ನೊಂದು ಮಗು ಬಂದಾಗ ಮುಂಚಿನದಕ್ಕೆ ತಗಲುವ ಕಾಯಿಲೆ ಎಂದೇ ಅವರು ಅದನ್ನು ಗುರುತಿಸಿಕೊಂಡಿದ್ದರು. ಎದೆಹಾಲು ತಪ್ಪುತ್ತದೆ, ಗಂಜಿಯಲ್ಲಿ ಬಲವಿರುವುದಿಲ್ಲ, ಮಗು ಬತ್ತುತ್ತದೆ. ಹೆರಿಗೆಯಾಗಿ ಎರಡು ವರ್ಷವಾದರೂ ಕಳೆಯದೆ ಮತ್ತೆ ಬಸುರಾಗುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರ ಹಿಂದೆ, ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ತಿರುವುತ್ತ “ಅಂತರ ಇರ್ಲಿ ಅಕ್ಕಾ” ಎನ್ನುವುದರ ಹಿಂದೆ, ಈ ತಿಳಿವಳಿಕೆಯೂ ಇದೆ. ನಮ್ಮ ಮನೆಯಲ್ಲಿ ಮಗಳಿಗೆ ಅನ್ನ ತುಪ್ಪಕ್ಕೆ ಕೊರತೆಯಿಲ್ಲ, ಅವಳು ಬತ್ತಲಾರಳು. ಆದರೂ ಒಬ್ಬರ ಬರವು ಇನ್ನೊಬ್ಬರ ಪಾಲನ್ನು ನಿಜವಾಗಿ ಕಡಿಮೆ ಮಾಡಬಲ್ಲದು ಎಂಬಷ್ಟು ಇದರಿಂದ ಸಿದ್ಧವಾಗುತ್ತದೆ.

ಹಾಗಾದರೆ ಎರಡನೆಯದು ಬೇಡವೇ? ಅಷ್ಟು ದೂರ ಹೋಗಬೇಕಿಲ್ಲ. ನಷ್ಟವಾದಲ್ಲೆಲ್ಲ ಅನ್ಯಾಯವಾಗಿರುತ್ತದೆ ಎಂದೇನಿಲ್ಲ. ಹಾಲು ಬಿಡಿಸುವುದು ನಷ್ಟ, ಅಂಗನವಾಡಿಯ ಬಾಗಿಲಲ್ಲಿ ಕೈಬಿಟ್ಟು ಬರುವುದೂ ನಷ್ಟ. ಅವನ್ನು ಯಾರೂ ಅನ್ಯಾಯ ಎನ್ನುವುದಿಲ್ಲ. ಅನ್ಯಾಯ ಶುರುವಾಗುವುದು ಆದ ನಷ್ಟವನ್ನು ಆಗಿಯೇ ಇಲ್ಲ ಎಂದು ಸಾಧಿಸುವಾಗ. ಅದನ್ನು ನಾವು ಎರಡು ರೀತಿಯಲ್ಲಿ ಮಾಡುತ್ತೇವೆ.

ಮೊದಲನೆಯದು ಬಡ್ತಿ. “ಕೂಸೇ, ನೀ ಈಗ ಅಕ್ಕ ಆದೆ ಅಲ್ದಾ? ದೊಡ್ಡ ಆದೆ” ಎಂದು ನಮ್ಮತ್ತೆ ದಿನಕ್ಕೆ ಹಲವು ಸಲ ಹೇಳುತ್ತಾರೆ. ಹೇಳುವುದರಲ್ಲಿ ಪ್ರೀತಿಯಿದೆ, ಹೆಮ್ಮೆಯೂ ಇದೆ. ಆದರೆ ಇವಳು ದೊಡ್ಡವಳಾದದ್ದು ಹೇಗೆ? ನಿನ್ನೆಗಿಂತ ಇವತ್ತು ಒಂದು ಅಂಗುಲವೂ ಬೆಳೆದಿಲ್ಲ. ಇನ್ನೊಂದು ಜೀವ ಚಿಕ್ಕದಾಗಿ ಬರುತ್ತಿದೆ ಎಂಬ ಒಂದೇ ಕಾರಣಕ್ಕೆ ಇವಳನ್ನು ಹಿರಿತನಕ್ಕೆ ಏರಿಸಿ, ಆ ಪದವಿಯ ಜತೆಗೆ ಬರುವ ಕೆಲಸಗಳನ್ನೆಲ್ಲ ಒಪ್ಪಿಸುತ್ತೇವೆ: ಅಳಬಾರದು, ಎತ್ತಿಕೋ ಎನ್ನಬಾರದು, ಆಟಿಕೆ ಬಿಟ್ಟುಕೊಡಬೇಕು. ಚೊಚ್ಚಲ ಮಗು ಸಿಂಹಾಸನದಿಂದ ಇಳಿಸಲ್ಪಟ್ಟ ಅರಸನಂತೆ ಎಂದು ಮನೋವಿಜ್ಞಾನಿ ಆಲ್‌ಫ್ರೆಡ್ ಆಡ್ಲರ್ ಹೇಳಿದ. (ಆತ ಸ್ವತಃ ಎರಡನೆಯ ಮಗ. ಇಳಿಸಿದವರಿಗೇ ಈ ಸಂಗತಿ ಹೊಳೆದದ್ದು ಸ್ವಾರಸ್ಯವಾಗಿದೆ.) ಅರಸನ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅರಸನಿಗೆ ತಾನು ಕಳೆದುಕೊಂಡೆ ಎಂದು ಹೇಳಿಕೊಂಡು ಅಳುವ ಸ್ವಾತಂತ್ರ್ಯವಾದರೂ ಇರುತ್ತದೆ. ಇವಳಿಗೆ ನಿನಗೆ ಸಿಂಹಾಸನ ಸಿಕ್ಕಿತು ಎಂದೇ ಹೇಳಲಾಗುತ್ತಿದೆ.

ಎರಡನೆಯದು ಇನ್ನೂ ಸೂಕ್ಷ್ಮ: “ನಿಂಗೆ ಜೊತೆಗೆ ಬೇಕು ಹೇಳೇ ಅಲ್ದಾ?” ಎರಡನೆಯದರ ಖರ್ಚನ್ನೆಲ್ಲ ಮೊದಲಿನದರ ಖಾತೆಗೆ ಬರೆಯುವ ಉಪಾಯ ಇದು. ಬರೆಯಬೇಕಾದ ಕಾಲವೂ ಬಂದಿದೆ ಎನ್ನಿ. ನಮ್ಮ ಅಜ್ಜಿಯಂದಿರು ಐದನೆಯ, ಏಳನೆಯ ಬಸುರಿಗೆ ಕಾರಣ ಹೇಳುವ ಗೋಜಿಗೆ ಹೋಗಲಿಲ್ಲ. ಆಮೇಲೆ ಸರ್ಕಾರದ ಕೆಂಪು ತ್ರಿಕೋನದ ಜತೆ ಆರತಿಗೊಬ್ಬಳು, ಕೀರ್ತಿಗೊಬ್ಬ ಎಂಬ ಮಾತು ಗೋಡೆಗಳ ಮೇಲೆ ಬಂತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಅಂದರೆ ಎರಡನೆಯದು ಈಗ ತಾನಾಗಿ ಆಗುವ ಸಂಗತಿಯಲ್ಲ, ಸಮರ್ಥನೆ ಬೇಡುವ ತೀರ್ಮಾನ. ಸರ್ಕಾರಕ್ಕೂ ಇದರಲ್ಲಿ ಒಂದು ಅಭಿಪ್ರಾಯವಿದೆ: 2022ರ ಏಪ್ರಿಲ್‌ನಿಂದ ಮಾತೃವಂದನಾ ಯೋಜನೆಯಲ್ಲಿ ಎರಡನೆಯದು ಹೆಣ್ಣಾದರೆ ಮಾತ್ರ 6,000 ರೂಪಾಯಿ. “ಈ ಸಲ ಮಾಣಿ” ಎಂದು ನನ್ನ ಹೊಟ್ಟೆಯ ಆಕಾರ ನೋಡಿ ಭವಿಷ್ಯ ಹೇಳುವವರಿಗೆ ಈ ಯೋಜನೆಯ ವಿವರ ತಿಳಿಸುವುದರಲ್ಲಿ ನನಗೊಂದು ಸಣ್ಣ ಸಂತೋಷವಿದೆ.

ಜೊತೆಗಾಗಿ ಎಂಬ ಕಾರಣ ಕೇಳಲು ಹಿತವಾಗಿದೆ, ನಿಲ್ಲುವುದಿಲ್ಲ. ಬರುವ ಜೀವ ಇನ್ನೊಬ್ಬರ ಆಟದ ಸಾಮಾನಾಗಿ ಬರುವುದಿಲ್ಲ. ಅದಕ್ಕೆ ಅದರದೇ ಹಟ, ಅದರದೇ ಹಸಿವು ಇರುತ್ತದೆ. ಮೊದಲಿನವಳು ಕೇಳದೇ ಇದ್ದ ಸಾಲಕ್ಕೆ ಅವಳನ್ನು ಜಾಮೀನು ನಿಲ್ಲಿಸುವುದೂ ಸರಿಯಲ್ಲ. ಮುಂದೆ ಇಬ್ಬರೂ ಹೊಂದಿಕೊಳ್ಳದೆ ಹೋದರೆ ಆಗ ತಪ್ಪು ಯಾರದು? ಮಗುವೊಂದು ನಮಗೆ ಬೇಕಿತ್ತು. ಮಕ್ಕಳು ಪ್ರಿಯರಾಗುವುದು ಮಕ್ಕಳ ಸಲುವಾಗಿ ಅಲ್ಲ, ತನ್ನ ಸಲುವಾಗಿ ಎಂಬ ಅರ್ಥದ ಮಾತನ್ನು ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಮೈತ್ರೇಯಿಗೆ ಹೇಳುತ್ತಾನೆ. ವೇದಾಂತಿಗಳು ಅದರಿಂದ ಆತ್ಮದ ಕಡೆಗೆ ಹೊರಡುತ್ತಾರೆ. ನನ್ನಂಥವಳಿಗೆ ಅದರಲ್ಲಿರುವ ನೇರ ಪ್ರಾಮಾಣಿಕತೆಯೇ ಸಾಕು.

ಮಡಿಲಿನ ಲೆಕ್ಕ ಎಳೆಯ ಬುದ್ಧಿಯದು ಎನ್ನುವವರಿಗೆ ಕರ್ಣನನ್ನು ಎದುರು ನಿಲ್ಲಿಸುತ್ತೇನೆ. ನಮ್ಮ ಸೀಮೆಯ ತಾಳಮದ್ದಲೆಗಳಲ್ಲಿ ‘ಕರ್ಣಭೇದನ’ ಕೇಳದವರು ಕಡಿಮೆ. ಕೃಷ್ಣ ಅವನಿಗೆ ಜನ್ಮದ ಗುಟ್ಟು ಹೇಳುತ್ತಾನೆ: ನೀನೇ ಹಿರಿಯ, ರಾಜ್ಯ ನಿನ್ನದು, ಐವರೂ ನಿನ್ನ ಕಾಲಿಗೆರಗುತ್ತಾರೆ. ಇದಕ್ಕಿಂತ ದೊಡ್ಡ ಬಡ್ತಿ ಇನ್ನಾವುದು? ಕರ್ಣ ಒಪ್ಪುವುದಿಲ್ಲ. ಅರ್ಥಧಾರಿಗಳು ಇಲ್ಲಿ ಅನ್ನದ ಋಣ, ಮಿತ್ರಧರ್ಮ, ಕೊಟ್ಟ ಮಾತು ಎಂದು ಬಹಳ ಹೊತ್ತು ವಾದ ಬೆಳೆಸುತ್ತಾರೆ. ವ್ಯಾಸರ ಉದ್ಯೋಗಪರ್ವದ ಕರ್ಣ ಅದಕ್ಕೂ ಮೊದಲು ಇನ್ನೊಂದನ್ನು ಹೇಳುತ್ತಾನೆ. ನನ್ನನ್ನು ಕಂಡೊಡನೆ ರಾಧೆಯ ಎದೆಯಲ್ಲಿ ಹಾಲಿಳಿಯಿತು, ನನ್ನ ಮಲಮೂತ್ರ ಬಳಿದವಳು ಅವಳು, ಅಂಥವಳಿಗೆ ಪಿಂಡ ತಪ್ಪಿಸಲೇ ಎಂದು ಕೇಳುತ್ತಾನೆ. ನಾನು ಕೇಳಿದ ಮಟ್ಟಿಗೆ ತಾಳಮದ್ದಲೆಯಲ್ಲಿ ಈ ಮಾತು ಬಂದರೂ ಬೇಗ ಮುಗಿದುಹೋಗುತ್ತದೆ. ವೇದಿಕೆಯ ಮೇಲೆ ಕೂತವರು ಹೆಚ್ಚಾಗಿ ಗಂಡಸರು, ಬಳಿದು ಗೊತ್ತಿಲ್ಲದಿದ್ದರೆ ವಾದ ಬೆಳೆಸುವುದು ಕಷ್ಟ. ಕುಂತಿಗೆ ಪ್ರೀತಿಯಿರಲಿಲ್ಲ ಎಂದು ಯಾರೂ ಹೇಳಲಾರರು. ಕರ್ಣನಿಗೆ ಅದು ಮುಟ್ಟಲಿಲ್ಲ. ಮುಟ್ಟಿದ್ದು ರಾಧೆಯ ಮಡಿಲು. ಅವನು ಕೊನೆಯವರೆಗೆ ಅದರ ಲೆಕ್ಕದಲ್ಲೇ ಬದುಕಿದ.

ಈ ಪ್ರಸಂಗದಿಂದ ಇನ್ನೊಂದೂ ಹೊರಡುತ್ತದೆ. ಮಡಿಲು ಹೆತ್ತವಳದೇ ಆಗಬೇಕೆಂದಿಲ್ಲ. ರಾಧೆ ಹೆತ್ತಿರಲಿಲ್ಲ. ಹಾಗಾಗಿ ಎರಡನೆಯ ಮಗು ಬರುವ ಮನೆಯಲ್ಲಿ ಕೇಳಬೇಕಾದ ಪ್ರಶ್ನೆ ತಾಯಿಯ ಪ್ರೀತಿ ಎಷ್ಟು ಎಂಬುದಲ್ಲ, ಮನೆಯಲ್ಲಿ ಮಡಿಲುಗಳು ಎಷ್ಟು ಎಂಬುದು.

ಹಳೆಯ ಮನೆಗಳಿಗೆ ಇದು ಪ್ರಶ್ನೆಯೇ ಆಗಿರಲಿಲ್ಲ. ಬಾಣಂತನವನ್ನು ನಾವು ಎಣ್ಣೆ, ಬಿಸಿನೀರು, ಲೇಹ್ಯ, ಕಾಳುಮೆಣಸಿನ ಸಾರು ಎಂದು ನೆನೆಯುತ್ತೇವೆ. ನಿಜವಾಗಿ ಅದು ಕೈಗಳ ಏರ್ಪಾಡು. ಹಂಡೆಗೆ ಬೆಂಕಿ ಹಾಕುವವರು ಒಬ್ಬರು, ಮಗುವನ್ನು ಕಾಲ ಮೇಲೆ ಹಾಕಿ ಮೀಯಿಸುವವರು ಒಬ್ಬರು, ಮುಂಚಿನದನ್ನು ಸೊಂಟಕ್ಕೇರಿಸಿ ಕೊಟ್ಟಿಗೆಯ ಕರು ತೋರಿಸುತ್ತ ತುತ್ತು ಹಾಕುವವರು ಇನ್ನೊಬ್ಬರು. ಚಿಕ್ಕಮ್ಮ, ಅತ್ತೆ, ಮದುವೆಯಾಗದ ಸೋದರತ್ತೆ, ವಿಧವೆಯಾಗಿ ತವರಿಗೆ ಬಂದ ದೊಡ್ಡಮ್ಮ. ಈ ಕೊನೆಯ ಇಬ್ಬರ ಬದುಕನ್ನು ನೆನೆದರೆ ಅವಿಭಕ್ತ ಕುಟುಂಬದ ಗುಣಗಾನ ಮಾಡಲು ಬಾಯಿ ಬರುವುದಿಲ್ಲ. ಮಕ್ಕಳಿಗೆ ಸಿಕ್ಕ ಎಷ್ಟೋ ಮಡಿಲುಗಳು ಬೇರೆ ದಾರಿಯಿಲ್ಲದ ಹೆಂಗಸರವು. ಆ ಮನೆ ತಿರುಗಿ ಬರಲಿ ಎಂದು ನಾನು ಬಯಸುವುದಿಲ್ಲ, ಅದು ಬರುವುದೂ ಇಲ್ಲ. ಸಿದ್ದಾಪುರ ತಾಲೂಕಿನ ನಮ್ಮೂರಿನಲ್ಲಿ ಒಂದೊಂದು ತೋಟದ ತಲೆಗೆ ಒಂದೊಂದು ಮನೆ. ಮೆತ್ತಿಯ ಮೇಲೆ ಹತ್ತಾರು ಜನ ಮಲಗಬಹುದಾದ ಆ ಮನೆಗಳಲ್ಲಿ ಈಗಿರುವವರು ಇಬ್ಬರೋ ಮೂವರೋ, ಅವರಲ್ಲಿ ಹೆಚ್ಚಿನವರಿಗೆ ಮೊಣಕಾಲು ನೋವು. ನನ್ನ ತವರು ಯಲ್ಲಾಪುರದ ಕಡೆ, ಆಸ್ಪತ್ರೆ ನಡುವಿನ ಶಿರಸಿಯಲ್ಲಿ. ಚೊಚ್ಚಲಿಗೆ ತವರಿಗೆ ಹೋದೆ, ಯಾರೂ ಯೋಚಿಸಲಿಲ್ಲ. ಈಗ ಮಗಳನ್ನು ಇಲ್ಲಿ ಬಿಟ್ಟು ಹೋದರೆ ಅವಳಿಗೆ ನಾನಿಲ್ಲ, ಕರೆದುಕೊಂಡು ಹೋದರೆ ಅವಳಿಗೆ ಅಪ್ಪನಿಲ್ಲ.

ತೋಟ ಹಾಳು ಮಾಡುವ ಮುಸ್ಯಗಳನ್ನು ಹೊಗಳಿದರೆ ನಮ್ಮೂರಿನಲ್ಲಿ ಊಟ ಸಿಗುವುದಿಲ್ಲ, ಆದರೂ ಹೇಳುತ್ತೇನೆ. ಮರಿ ಹುಟ್ಟಿದ ಮೊದಲ ದಿನಗಳಲ್ಲೇ ಹಿಂಡಿನ ಬೇರೆ ಹೆಣ್ಣು ಮುಸ್ಯಗಳು ಅದನ್ನು ಕೈಯಿಂದ ಕೈಗೆ ಪಡೆದು ಹೊತ್ತು ತಿರುಗುತ್ತವೆ, ತಾಯಿ ಅಷ್ಟು ಹೊತ್ತು ಚಿಗುರು ತಿಂದುಕೊಳ್ಳುತ್ತದೆ. ರಾಜಸ್ಥಾನದ ಅಬು ಬೆಟ್ಟದಲ್ಲಿ ಈ ಜಾತಿಯ ಮಂಗಗಳನ್ನು ಅಭ್ಯಸಿಸಿ 1977ರಲ್ಲಿ ಪುಸ್ತಕ ಬರೆದ ಸಾರಾ ಹರ್ಡಿ ಎಂಬ ವಿಜ್ಞಾನಿ, 2009ರ ಇನ್ನೊಂದು ಪುಸ್ತಕದಲ್ಲಿ ಮನುಷ್ಯರ ಬಗ್ಗೆ ಇದೇ ವಾದವನ್ನು ಬೆಳೆಸಿದಳು: ನಮ್ಮ ಕೂಸುಗಳು ಒಬ್ಬ ತಾಯಿಯಿಂದ ಸಾಕಲಾಗದಷ್ಟು ದುಬಾರಿ, ಹಲವರು ಕೈಹಾಕಿದ್ದರಿಂದಲೇ ಮನುಷ್ಯ ಸಂತತಿ ಉಳಿಯಿತು. ಮುಸ್ಯಗಳಿಗಿಂತ ಮನುಷ್ಯರಿಗೆ ಒಂದು ಅನುಕೂಲ ಹೆಚ್ಚಿದೆ. ಆ ಹಿಂಡಿನ ಗಂಡುಗಳು ಮರಿ ಸಾಕುವ ಗೊಡವೆಗೆ ಹೋಗುವುದಿಲ್ಲ. ನಮ್ಮ ಗಂಡಸರಿಗೆ ಸಾಕಲು ಬರುತ್ತದೆ, ಅವರನ್ನು ಲೆಕ್ಕಕ್ಕೆ ಹಿಡಿಯುವ ರೂಢಿ ನಮಗಿಲ್ಲ.

ಸರ್ಕಾರವೂ ಹಿಡಿದದ್ದು ಕಡಿಮೆ. 2017ರ ತಿದ್ದುಪಡಿಯ ನಂತರ ಕಾನೂನಿನ ವ್ಯಾಪ್ತಿಗೆ ಬರುವ ನೌಕರಿಯಲ್ಲಿರುವ ತಾಯಿಗೆ ಮೊದಲೆರಡು ಮಕ್ಕಳಿಗೆ 26 ವಾರದ ರಜೆ. ತಂದೆಗೆ, ಅದೂ ಕೇಂದ್ರ ಸರ್ಕಾರಿ ನೌಕರನಾದರೆ, 15 ದಿನ. ಪಂಚಾಯ್ತಿಗಳಲ್ಲಿ ಈಚೆಗೆ ತೆರೆದಿರುವ ‘ಕೂಸಿನ ಮನೆ’ ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ಹುಟ್ಟಿದ್ದು. ಅದು ಒಳ್ಳೆಯ ಕೆಲಸ, ಪ್ರತಿ ಊರಿಗೂ ಬರಬೇಕಾದದ್ದು. ತೋಟದ ಮನೆಯ ಅಪ್ಪನಿಗೆ ರಜೆ ಕೊಡುವವರೂ ಇಲ್ಲ, ತಡೆಯುವವರೂ ಇಲ್ಲ. ದಿನವಿಡೀ ಮನೆಯ ಸುತ್ತಲೇ ಇರುತ್ತಾನೆ. ಅಷ್ಟು ಹತ್ತಿರವಿದ್ದೂ ಅವನ ತೊಡೆ ಲೆಕ್ಕದ ಹೊರಗೆ ಉಳಿದದ್ದು ಹೇಗೆ ಎಂಬುದಕ್ಕೆ ಉತ್ತರ ಅಡಿಕೆಯಲ್ಲಿದೆ.

ಡಾಕ್ಟರು ಕೊಟ್ಟ ತಾರೀಕು ಸರಿಯಾಗಿ ಕೊಯ್ಲಿನ ನಡುವೆ ಬರುತ್ತದೆ. ಮರ ಹತ್ತುವ ಕೊನೆಗೌಡ ಸಿಗುವ ದಿನಕ್ಕೆ ಕೊಯ್ಯಿಸಬೇಕು, ಆಮೇಲೆ ಮೆಟ್ಟುಗತ್ತಿಯಲ್ಲಿ ಸುಲಿಯುವವರನ್ನು ಕರೆಯಬೇಕು, ಬೇಯಿಸಬೇಕು, ಒಣಗಿಸಬೇಕು, ಮೋಡ ಕಂಡರೆ ಓಡಿಹೋಗಿ ಮುಚ್ಚಬೇಕು. ಮಗಳಿಗೆ ನಿಮ್ಮ ಮಡಿಲೂ ಬೇಕು ಎಂದರೆ, “ಕೊಯ್ಲು ಮುಗಿಲಿ, ಆಮೇಲೆ ನೋಡನ” ಎಂದರು ಇವರು. ಕೊಯ್ಲು ಮುಗಿಯುವ ಹೊತ್ತಿಗೆ ಮಗಳು ಕೇಳುವುದನ್ನೇ ಬಿಟ್ಟಿರುತ್ತಾಳೆ ಎಂದೆ. ಎರಡು ದಿನ ಮಾತಿಲ್ಲದೆ ಕಳೆದು, ಮೂರನೆಯ ದಿನ ಇವರೇ ಕಾಗದ ಪೆನ್ನು ತಂದು ಕೂತರು. ಸುಲಿದು ಬೇಯಿಸಿ ಕೆಂಪಡಿಕೆ ಮಾಡಿದರೆ ಎಷ್ಟು, ಕೊಯ್ದ ಹಸಿಯಡಿಕೆಯನ್ನೇ ವ್ಯಾಪಾರಕ್ಕೆ ಕೊಟ್ಟರೆ ಎಷ್ಟು, ನಡುವಿನ ವ್ಯತ್ಯಾಸ ಎಷ್ಟು. ಸಣ್ಣ ಮೊತ್ತವೇನಲ್ಲ. ಈ ವರ್ಷಕ್ಕೆ ಹಸಿಯದನ್ನೇ ಕೊಡುವುದು ಎಂದು ತೀರ್ಮಾನವಾಗಿದೆ, ನಾನು ತವರಿಗೆ ಹೋಗದೆ ಇಲ್ಲೇ ಉಳಿಯುವುದೆಂದೂ. “ಹಸಿ ಕೊಟ್ರೆ ಎಂತ ಉಳಿತು?” ಎಂದು ಅತ್ತೆ ಇನ್ನೂ ಕೇಳುತ್ತಲೇ ಇದ್ದಾರೆ.