ಕೂಲಿಯವನ ಕೂಲಿಯು ಧಣಿಯ ಮನೆಯಲ್ಲಿ ರಾತ್ರಿ ಕಳೆಯಬಾರದು

ಧ್ಯಾನಕ್ಕಾಗಿ: ಯಾಜಕಕಾಂಡ 19:13, ಧರ್ಮೋಪದೇಶಕಾಂಡ 24:14, 15, ಯಾಕೋಬನ ಪತ್ರಿಕೆ 5:4



ಕೂಲಿಯ ವಿಷಯವು ಗದ್ದೆಗೂ ಪೇಟೆಗೂ ಸೇರಿದ್ದು, ದೇವಾಲಯದಲ್ಲಿ ಅದನ್ನು ಎತ್ತತಕ್ಕದ್ದಲ್ಲ ಎಂದು ನಮ್ಮಲ್ಲಿ ಕೆಲವರು ನೆನಸುತ್ತಾರೆ. ಆದರೆ ದೇವರು ಮೋಶೆಯ ಮುಖಾಂತರ ಧರ್ಮಶಾಸ್ತ್ರವನ್ನು ಕೊಟ್ಟಾಗ ಯಜ್ಞಗಳ ಕ್ರಮವನ್ನು ಮಾತ್ರ ಹೇಳಿ ಸುಮ್ಮನಾಗಲಿಲ್ಲ. ದಿನಗೂಲಿಯವನ ಕೂಲಿಯು ಬೆಳಗಾಗುವ ತನಕ ಧಣಿಯ ಬಳಿಯಲ್ಲಿ ಇರಬಾರದೆಂದೂ, ಹೊತ್ತು ಮುಳುಗುವದಕ್ಕೆ ಮೊದಲೇ ಅದನ್ನು ಕೊಟ್ಟುಬಿಡಬೇಕೆಂದೂ ಆಜ್ಞಾಪಿಸಿದನು. ಅದರ ಕಾರಣವನ್ನೂ ತಿಳಿಸಿದನು: ಅವನು ಬಡವನು, ಅವನ ಮನಸ್ಸೆಲ್ಲಾ ಆ ಕೂಲಿಯ ಮೇಲೆಯೇ ಇರುತ್ತದೆ. ಉಳ್ಳವನಿಗೆ ಒಂದು ರಾತ್ರಿಯೆಂದರೆ ಒಂದು ನಿದ್ರೆಯಷ್ಟೇ. ಕೂಲಿಯವನ ಮನೆಯಲ್ಲಾದರೋ ಒಲೆ ಉರಿಯುವದಿಲ್ಲ, ಅಕ್ಕಿ ಇನ್ನೂ ಅಂಗಡಿಯಲ್ಲಿದೆ, ಮಕ್ಕಳು ಬಾಗಲಲ್ಲಿ ನಿಂತು ತಂದೆಯ ದಾರಿಯನ್ನು ನೋಡುತ್ತಾರೆ. ಇದನ್ನು ಸಾಲವೆಂದು ಮಾತ್ರ ಎಣಿಸದೆ, ಪಾಪವೆಂದೇ ದೇವರು ಲೆಕ್ಕಿಸುತ್ತಾನೆ.

ಈ ಆಜ್ಞೆಯು ಮೊದಲು ಯಾರಿಗೆ ಉಂಟಾಯಿತು? ಐಗುಪ್ತದಲ್ಲಿ ಕೂಲಿಯಿಲ್ಲದೆ ಇಟ್ಟಿಗೆ ಮಾಡಿದವರ ಮಕ್ಕಳಿಗೆ. ನೀವೂ ದಾಸರಾಗಿದ್ದಿರೆಂಬದನ್ನು ಮರೆಯಬೇಡಿರೆಂದು ಅದೇ ಅಧ್ಯಾಯದಲ್ಲಿ ಹೇಳಿಯದೆ. ನಮ್ಮ ಸಭೆಗಳ ಚರಿತ್ರೆಯೂ ಇದಕ್ಕೆ ದೂರವಾದದ್ದಲ್ಲ. 1834ರಲ್ಲಿ ಬಾಸೆಲ್ ಮಿಶನಿನ ದೈವಸೇವಕರು ಮಂಗಳೂರಿಗೆ ಬಂದ ಮೇಲೆ, ನಂಬಿದವರಲ್ಲಿ ಅನೇಕರು ಮನೆಯನ್ನೂ ಜೀವನೋಪಾಯವನ್ನೂ ಕಳೆದುಕೊಂಡರು. ಆದಕಾರಣ ಮಿಶನಿನವರು ನೇಯ್ಗೆಯ ಕೆಲಸವನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿದರು. ದುಡಿದು ಉಣ್ಣುವ ಮಾರ್ಗವಿಲ್ಲದೆ ಸಭೆಯು ನಿಲ್ಲಲಾರದೆಂದು ಅವರು ಕಂಡರು. ಸಾಲಕ್ಕಾಗಿ ಮನುಷ್ಯನನ್ನು ಜೀತಕ್ಕಿಡುವ ಪದ್ಧತಿಯನ್ನು ಸರ್ಕಾರವು 1976ರ ಶಾಸನದಿಂದ ರದ್ದುಮಾಡಿತು. ಪರರ ಅಂಗಳದಲ್ಲಿ ಕೈಕಟ್ಟಿ ನಿಂತವರ ಮೊಮ್ಮಕ್ಕಳಲ್ಲಿ ಕೆಲವರಿಗೆ ಈಗ ಅಡಿಕೆಯ ತೋಟವೂ ಗದ್ದೆಯೂ ಉಂಟು. ಇದು ದೇವರ ದಯೆ. ಆದರೆ ಈಗ ಅವರ ಅಂಗಳದಲ್ಲಿ ನಿಂತವನ ಗತಿ ಏನು?

ಕೂಲಿಯನ್ನು ಹಿಡಿಯುವ ದಾರಿಗಳು ಅನೇಕವಾಗಿವೆ. ಮೊದಲನೆಯದು, ನಾಳೆ ಬಾ ಎನ್ನುವದು. ಎರಡನೆಯದು, ಒಪ್ಪಿದ ಮಾತನ್ನು ಬದಲಿಸುವದು. ಲಾಬಾನನು ಹತ್ತು ಸಾರಿ ಹೀಗೆ ಮಾಡಿದನೆಂದು ಯಾಕೋಬನು ತನ್ನ ಹೆಂಡತಿಯರಿಗೆ ಹೇಳಿಕೊಂಡನು. ಲಾಬಾನನು ಪರನಲ್ಲ, ಸೋದರಮಾವನೇ. ಮೂರನೆಯದು, ತಪ್ಪು ಹೊರಿಸಿ ಮುರಿದುಕೊಳ್ಳುವದು. 1960ರಲ್ಲಿ ಇಸ್ರಾಯೇಲ್ ದೇಶದ ಕರಾವಳಿಯ ಹಳೇ ಕೋಟೆಯೊಂದನ್ನು ಅಗೆದವರಿಗೆ, ಮಡಕೆಯ ಚೂರಿನ ಮೇಲೆ ಬರೆದ ಮನವಿಯೊಂದು ಸಿಕ್ಕಿತು. ಅದು ಕ್ರಿಸ್ತಪೂರ್ವ ಏಳನೆಯ ಶತಮಾನದ್ದು. ನೇಮಿಸಿದ ಕೆಲಸವನ್ನು ಮುಗಿಸಿದ್ದರೂ ಮೇಲ್ವಿಚಾರಕನು ತನ್ನ ವಸ್ತ್ರವನ್ನು ಕಿತ್ತುಕೊಂಡನೆಂದೂ, ಜೊತೆಯಲ್ಲಿ ಕೊಯ್ದವರು ಇದಕ್ಕೆ ಸಾಕ್ಷಿಗಳೆಂದೂ ಒಬ್ಬ ಕೊಯ್ಲಿನವನು ಅಧಿಕಾರಿಗೆ ಮೊರೆಯಿಡುತ್ತಾನೆ. ಸಾವಿರ ಬೀಡಿ ಕಟ್ಟಿ ತಂದ ತಾಯಿಯ ಮುಂದೆ, ಇದು ಸರಿಯಿಲ್ಲ, ಅದು ಸರಿಯಿಲ್ಲ ಎಂದು ಕಟ್ಟುಗಳನ್ನು ಅನ್ಯಾಯವಾಗಿ ಬದಿಗೆ ಹಾಕುವವನು ಅದೇ ಮೇಲ್ವಿಚಾರಕನ ತಮ್ಮನಲ್ಲವೇ? ನಾಲ್ಕನೆಯದು, ಗಂಡಸಿನ ಸಮಕ್ಕೆ ನೇಜಿ ನೆಟ್ಟ ಹೆಂಗಸಿಗೆ, ಹೆಂಗಸೆಂಬ ಕಾರಣದಿಂದಲೇ ಕಡಿಮೆ ಕೊಡುವದು.

ದೇಶದ ಕಾನೂನೂ ಇದನ್ನು ಒಪ್ಪುವದಿಲ್ಲ. ಕನಿಷ್ಠ ಕೂಲಿಯ ಶಾಸನವು 1948ರಲ್ಲಿಯೂ, ಸ್ತ್ರೀಪುರುಷರ ಸಮಾನ ಕೂಲಿಯ ಶಾಸನವು 1976ರಲ್ಲಿಯೂ ಹುಟ್ಟಿದವು. 2019ರಲ್ಲಿ ಪಾರ್ಲಿಮೆಂಟು ಇವೆರಡನ್ನೂ ಬೇರೆ ಎರಡು ಶಾಸನಗಳೊಂದಿಗೆ ಒಂದೇ ವೇತನ ಸಂಹಿತೆಯಾಗಿ ಕೂಡಿಸಿತು. ಆದರೆ ಕ್ರೈಸ್ತನು ಕಾನೂನಿನ ಭಯದಿಂದ ಮಾತ್ರ ಕೊಡತಕ್ಕವನಲ್ಲ. ಧಣಿಗಳೇ, ನ್ಯಾಯವಾದದ್ದನ್ನೂ ಸರಿಯಾದದ್ದನ್ನೂ ಕೊಡಿರಿ, ನಿಮಗೂ ಪರಲೋಕದಲ್ಲಿ ಒಬ್ಬ ಧಣಿಯಿದ್ದಾನೆ ಎಂಬದೇ ಪೌಲನು ಕೊಲೊಸ್ಸೆಯವರಿಗೆ ಬರೆದದ್ದರ ತಾತ್ಪರ್ಯವು.

ಈ ವರುಷ ಅಡಿಕೆಯ ಧಾರಣೆ ಇಳಿಯಿತು, ನಾವೂ ಸಣ್ಣ ಹಿಡುವಳಿಯವರು, ಎಲ್ಲಿಂದ ತರೋಣ ಎಂದು ಕೆಲವರು ಕೇಳುವರು. ಇದು ಸುಳ್ಳಾದ ಕಷ್ಟವಲ್ಲ. ಆದರೆ ಧಾರಣೆ ಏರಿದ ವರುಷ ಆ ಲಾಭದಲ್ಲಿ ಕೂಲಿಯವನನ್ನು ಪಾಲುಗಾರನಾಗಿ ಕರೆದೆವೋ? ಲಾಭದಲ್ಲಿ ಪಾಲಿಲ್ಲದವನಿಗೆ ನಷ್ಟದಲ್ಲಿ ಪಾಲು ಹೊರಿಸುವದು ನ್ಯಾಯವಲ್ಲ. ಕೊಡಲು ಶಕ್ತಿಯಿಲ್ಲದಿದ್ದರೆ ನಾಲ್ವರನ್ನು ಕರೆಯುವಲ್ಲಿ ಇಬ್ಬರನ್ನು ಕರೆದು, ಉಳಿದ ಕೆಲಸವನ್ನು ಮನೆಮಂದಿಯೇ ಮಾಡೋಣ. ಕರೆದವನಿಗಂತೂ ಪೂರ್ತಿ ಕೊಡೋಣ. ಕೂಲಿಗೆ ಹೋಗುವವರಾದ ನಾವೂ ಧಣಿಯ ಕಣ್ಣಿನ ಮುಂದೆ ಮಾತ್ರವಲ್ಲ, ಅವನ ಬೆನ್ನ ಹಿಂದೆಯೂ ನಂಬಿಗಸ್ತರಾಗಿ ದುಡಿಯೋಣ.

ಅರಸನಾದ ಯೆಹೋಯಾಕೀಮನು ನೆರೆಯವನಿಂದ ಬಿಟ್ಟಿಯಾಗಿ ಕೆಲಸ ಮಾಡಿಸಿ, ದೇವದಾರು ಹೊದಿಸಿದ ವಿಶಾಲವಾದ ಮನೆಯನ್ನು ಕಟ್ಟಿಸಿಕೊಂಡನು. ಯೆರೆಮೀಯನು ಅವನನ್ನು ಗದರಿಸಿ, ಅವನ ತಂದೆಯು ದೀನದರಿದ್ರರ ನ್ಯಾಯವನ್ನು ಸ್ಥಾಪಿಸಿದ್ದನ್ನು ನೆನಪಿಗೆ ತಂದು, ದೇವರನ್ನು ಅರಿಯುವದೆಂದರೆ ಇದೇ ಎಂದು ಸಾರಿದನು. ಪ್ರಿಯರೇ, ನಾವು ದೇವರನ್ನು ಅರಿತವರೆಂದು ಊರಿನವರ ಮುಂದೆ ಹೇಳಿಕೊಳ್ಳುತ್ತೇವೆ. ನಮ್ಮ ಅಂಗಳದಿಂದ ಸಂಜೆ ಹಿಂದಿರುಗುವ ಕೂಲಿಯವನೂ ಹಾಗೆಯೇ ಹೇಳುವನೋ?

ಸುಗ್ಗಿಯ ಹಬ್ಬಕ್ಕೆ ಮೊದಲ ತೆನೆಯನ್ನೂ ಬಾಳೆಗೊನೆಯನ್ನೂ ಯಜ್ಞವೇದಿಯ ಮುಂದೆ ತರುವದಕ್ಕೆ ಮೊದಲು, ಮನೆಯ ಲೆಕ್ಕದ ಪುಸ್ತಕವನ್ನು ತೆರೆದು ನೋಡೋಣ. ಯಾರದಾದರೂ ಕೂಲಿ ಅದರಲ್ಲಿ ನಿಂತಿದ್ದರೆ, ಜಕ್ಕಾಯನಂತೆ ತಡಮಾಡದೆ ಎದ್ದು, ಅವನ ಮನೆಗೆ ನಾವೇ ಹೋಗಿ ಸಲ್ಲಿಸೋಣ. ಹಿಡಿದ ಕೂಲಿಯು ತಾನೇ ಕೂಗುತ್ತದೆಂದೂ, ಆ ಕೂಗು ಕರ್ತನ ಕಿವಿಗೆ ಮುಟ್ಟುತ್ತದೆಂದೂ ಯಾಕೋಬನು ಎಚ್ಚರಿಸಿದ್ದಾನೆ. ಅಂಥ ಕೂಗು ನಮ್ಮ ಮನೆಗಳಿಂದ ಏಳದಂತೆ ಕರ್ತನು ನಮ್ಮನ್ನು ಕಾಪಾಡಲಿ. ಆಮೆನ್.